ಯಾವ ಕಾಲು, ಕೋಚ್?

ಈರಿ ಸರೋವರ ಹೆಪ್ಪುಗಟ್ಟಿದ ಫೆಬ್ರವರಿ.
ಸಂತ ಕಾಸಿಮಿರನ ಚರ್ಚಿನ ಕೆಳಗೆ, ನೆಲಮಾಳಿಗೆಯಲ್ಲಿ,
ನಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳ.
ಸೂರು ಎಷ್ಟು ತಗ್ಗೆಂದರೆ, ಎತ್ತರಕ್ಕೆ ಎಸೆದ ಚೆಂಡು
ಮೊದಲು ಬಡಿಯುವುದು ಬಿಸಿನೀರಿನ ಕೊಳವೆಗೆ.
ಹೊರಗಿನ ಹುಡುಗರಿಗೆ ಅದು ಗೊತ್ತಿಲ್ಲ. ನಮಗೆ ಗೊತ್ತು.
ಅಷ್ಟು ಮೋಸ ಕಟ್ಟಡದ್ದು, ನನ್ನದಲ್ಲ.

ಹಗಲೆಲ್ಲ ರೈಲಿನ ಎಂಜಿನ್ನು ಬೆಸೆಯುವವನು ನಾನು,
ಸಂಜೆ ಹನ್ನೊಂದು ಹುಡುಗರಿಗೆ ಕೋಚ್.
ಸಂಬಳವಿಲ್ಲ; ಒಂದು ಸೀಟಿ ಕೊಟ್ಟಿದ್ದಾರೆ.
ನವೆಂಬರಿನಲ್ಲಿ ಧರ್ಮಕೇಂದ್ರದ ಕಾಗದಕ್ಕೆ ರುಜು ಹಾಕಿದ್ದೆ:
ಬೈಯುವುದಿಲ್ಲ. ಒಂಟಿ ಮಗುವಿನೊಂದಿಗೆ ಬಾಗಿಲು ಮುಚ್ಚುವುದಿಲ್ಲ.
ಪ್ರತಿ ಹುಡುಗನೂ ಅರ್ಧ ಆಟವಾದರೂ ಆಡಬೇಕು,
ಗಾಯವೋ ಕಾಯಿಲೆಯೋ ಇದ್ದರೆ ಹೊರತು.
ಓದದೆ ಹಾಕಿದ ರುಜುವಲ್ಲ ಅದು.
ಆ ಕೊನೆಯ ಮಾತನ್ನಂತೂ ಎರಡು ಸಲ ಓದಿದ್ದೆ.

ಕ್ಯಾಸ್ಪರ್ ಜೂಬಾ. ಹತ್ತು ವರ್ಷ.
ಚೆಂಡು ತನ್ನತ್ತ ಬಂದರೆ ಕಣ್ಣು ಮುಚ್ಚುವವನು,
ಎದುರಾಳಿ ಬಿದ್ದರೆ ಎತ್ತಲು ಓಡುವವನು,
ಆಟ ಇನ್ನೂ ನಡೆಯುತ್ತಿರುವಾಗಲೇ.

ಸಂತ ಬ್ರಿಜಿತಳ ತಂಡದ ಮೇಲೆ ಪಂದ್ಯ.
ಹದಿನಾಲ್ಕು ವರ್ಷದಿಂದ ಅವರನ್ನು ಗೆದ್ದಿಲ್ಲ ನಾವು.
ಮೆಟ್ಟಿಲ ಬುಡದಲ್ಲಿ ಅವನೆದುರು ಕುಕ್ಕರುಗಾಲಲ್ಲಿ ಕೂತು
ಹೇಳಿದೆ: ಇವತ್ತು ನಿನ್ನ ಕಾಲು ಉಳುಕಿದೆ. ತಂಡಕ್ಕೋಸ್ಕರ.
ಅವನು ಬೇಸರಪಡಲಿಲ್ಲ.
ಪಟ್ಟಿದ್ದರೆ ನಾನು ಉಳಿಯುತ್ತಿದ್ದೆನೋ ಏನೋ.
ಗುಟ್ಟಿನ ಕೆಲಸ ಸಿಕ್ಕ ಖುಷಿಗೆ ಮುಖ ಅರಳಿಸಿ
"ಯಾವ ಕಾಲು, ಕೋಚ್?" ಅಂದ.

ಎಡಬೂಟಿನ ದಾರ ಬಿಚ್ಚಿತ್ತು. "ಎಡ," ಅಂದೆ.

ಒಂದೇ ಒಂದು ಅಂಕದಿಂದ ಗೆದ್ದೆವು.
ಬೆಂಚಿನ ಮೇಲೆ ಕಾಲು ನೀಡಿ ಕೂತವನು
ಎಲ್ಲರಿಗಿಂತ ಜೋರಾಗಿ ಕೂಗಿದ.

ಮಂಗಳವಾರ ಅಭ್ಯಾಸಕ್ಕೆ ಕುಂಟುತ್ತ ಬಂದ.
ಸಾಕು ಅನ್ನಲು ಬಾಯಿ ತೆರೆದೆ; ಬೇರೆ ಹುಡುಗರಿದ್ದರು.
ಗುರುವಾರವೂ ಕುಂಟಿದ. ಎಂಥ ನಿಯತ್ತು!
ಒಮ್ಮೆಯೂ ಕಾಲು ಅದಲುಬದಲಾಗಲಿಲ್ಲ.

ಭಾನುವಾರ ಬಲಿಪೂಜೆ. ಪರಮಪ್ರಸಾದದ ಸಾಲಿನಲ್ಲಿ
ನನಗಿಂತ ಐದಾರು ಜನ ಮುಂದೆ ಅವನು,
ಕೈ ಮುಗಿದು, ಎಡಗಾಲೆಳೆಯುತ್ತ,
ಪೀಠದ ತನಕ ನನ್ನ ಸುಳ್ಳನ್ನು ನಡೆಸಿಕೊಂಡು ಹೋದ.
ನಾನು ಸಾಲು ಬಿಟ್ಟು ಪಕ್ಕದ ಬೆಂಚಿಗೆ ಸರಿದೆ.

ಹೊರಗೆ, ಹಿಮದಲ್ಲಿ, ಅವನ ಅಜ್ಜಿ;
ಕೈಯಲ್ಲಿ ಕರ್ಪೂರದ ಮುಲಾಮಿನ ವಾಸನೆ.
"ದಿನಾ ರಾತ್ರಿ ತಿಕ್ಕುತ್ತೇನೆ. ಊತವೇ ಇಲ್ಲ, ಪುಣ್ಯ.
ನೀನು ಸಮಯಕ್ಕೆ ನೋಡಿದೆಯಪ್ಪ," ಎನ್ನುತ್ತ
ನನ್ನ ಎರಡೂ ಕೈ ಹಿಡಿದಳು.

ಪಾಪನಿವೇದನೆಯ ಜಾಲರಿಯಾಚೆ ಫಾದರ್ ಮುಲ್ಕೀನ್
ಬಹಳ ಹೊತ್ತು ಕೆಮ್ಮಿದರು. ಆಮೇಲೆ:
"ದೇವರಿಗೆ ಹೇಳಿದ್ದಾಯಿತು.
ಬೆಂಚಿನ ಮೇಲೆ ಕೂತಿದ್ದು ಅವನಲ್ಲವಲ್ಲ."

ಬುಧವಾರ ಹನ್ನೊಂದು ಹುಡುಗರನ್ನೂ ನೆಲದ ಮೇಲೆ,
ಅಜ್ಜಿಯನ್ನು ಮಡಚುಕುರ್ಚಿಯಲ್ಲಿ ಕೂರಿಸಿದೆ.
ಮಾತು ತಯಾರು ಮಾಡಿಕೊಂಡಿದ್ದೆ,
ಮೇಲೆ ಹೊಳೆಯುವ ಬೆಸುಗೆಯ ಒಳಗಿನ ಟೊಳ್ಳಿನ ಬಗ್ಗೆ.
ಎಲ್ಲ ಮರೆತು
"ಸುಳ್ಳು ನನ್ನದು, ಅವನದಲ್ಲ" ಎಂದಷ್ಟೇ ಬಂತು.
ಗೆಲುವು ವಾಪಸು ಹೋಯಿತು. ಎರಡು ಪಂದ್ಯ ನನಗೆ ಬಾಗಿಲ ಹೊರಗೆ ಜಾಗ.
ಅಜ್ಜಿ ಈಸ್ಟರಿನವರೆಗೂ ಮಾತಾಡಲಿಲ್ಲ;
ಆಮೇಲೂ ಅಷ್ಟಕ್ಕಷ್ಟೆ.

ಕ್ಯಾಸ್ಪರ್ ಮಾತ್ರ ಕೈಯೆತ್ತಿ ಕೇಳಿದ:
"ಹಾಗಾದರೆ ಇನ್ನು ಸರಿಯಾಗಿ ನಡೆಯಲಾ?"

ಶನಿವಾರ ಬಾಗಿಲ ಗಾಜಿಗೆ ಹಣೆಯೊತ್ತಿ ನೋಡಿದೆ.
ಮೊದಲ ನಿಮಿಷದಿಂದಲೇ ಅವನಿದ್ದ.
ಚೆಂಡು ಬಂತು, ಕಣ್ಣು ಮುಚ್ಚಿದ, ಎಸೆದ.
ಕೊಳವೆ ಠಣ್ಣೆಂದಿತು.
ಹಿಂದಕ್ಕೆ ಓಡಿದ, ಮೊದಲ ಮೂರು ಹೆಜ್ಜೆ ಕುಂಟುತ್ತ,
ಆಮೇಲೆ ನೆನಪಾಗಿ, ಯಾರು ನೋಡಿದರೋ ಎಂದು ಸುತ್ತ ನೋಡಿ,
ನಾಲ್ಕನೆಯದನ್ನು ನೆಟ್ಟಗೆ ಊರಿ.